‘ಹೇಲು’ ಎಂಬ ಪದದ ಅರ್ಥ ಮತ್ತು ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳ ಶಾಲೆಗಳಲ್ಲಿ, ಆಸ್ಪತ್ರೆಯ ಸಾಲುಗಳಲ್ಲಿ, ರೇಷ್ಮೆ ಸಾಕುವ ಮನೆಗಳಲ್ಲಿ ಮತ್ತು ಪಂಚಾಯಿತಿ ಸಭೆಗಳಲ್ಲಿ ದೇಹದ ವಿಸರ್ಜನೆಯ ಬಗ್ಗೆ ಮಾತನಾಡಬೇಕಾದಾಗ ಯಾವ ಪದ ಬಳಸಬೇಕೆಂಬ ಗೊಂದಲ ಏಳುವುದುಂಟು. ಮನೆಯಲ್ಲಿ ಆಡುವ ಪದವನ್ನು ಹೊರಗೆ ಆಡುವಂತಿಲ್ಲ, ಹೊರಗೆ ಬರೆಯುವ ಪದ ಮನೆಯ ಹಿರಿಯರಿಗೆ ತಿಳಿಯುವುದಿಲ್ಲ. ಈ ಪದಗಳ ಹುಟ್ಟು, ನಂಟು ಮತ್ತು ಮರ್ಯಾದೆಯ ಕುರಿತು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

‘ಹೇಲು’ ಎಂದರೆ ನಿಖರವಾಗಿ ಏನು?

ಮನುಷ್ಯನ ಕರುಳಿನಿಂದ ಹೊರಬರುವ ಘನತ್ಯಾಜ್ಯಕ್ಕೆ ಕನ್ನಡದ ಸ್ವಂತ ಹೆಸರು ‘ಹೇಲು’. ಅದೇ ರೂಪ ಕ್ರಿಯಾಪದವಾಗಿಯೂ ನಿಲ್ಲುತ್ತದೆ. ಹೇಲುವುದು ಎಂದರೆ ಮಲವಿಸರ್ಜನೆ ಮಾಡುವುದು. ‘ಸೋಲು’ ಎಂಬುದು ಹೇಗೆ ಹೆಸರೂ ಹೌದು, ಕೆಲಸವೂ ಹೌದು, ಇದು ಕೂಡ ಹಾಗೆಯೇ. ಪ್ರಧಾನವಾಗಿ ಇದು ಮನುಷ್ಯರಿಗೆ, ಅದರ ಜೊತೆಗೆ ನಾಯಿ, ಬೆಕ್ಕು, ಹಂದಿಗಳಿಗೆ ಸಲ್ಲುವ ಪದ. ಹಸು, ಎಮ್ಮೆ, ಕುರಿ, ಕುದುರೆಗಳಿಗೆ ಬೇರೆ ಬೇರೆ ಪದಗಳಿರುವುದರಿಂದ ಅವುಗಳ ವಿಷಯದಲ್ಲಿ ‘ಹೇಲು’ ಎಂದರೆ ಹಳ್ಳಿಯವರು ನಗುತ್ತಾರೆ.

ಈ ಪದ ಎಲ್ಲಿಂದ ಬಂತು? ಸಂಸ್ಕೃತದಿಂದಲೋ, ಉರ್ದುವಿನಿಂದಲೋ?

ಎರಡರಿಂದಲೂ ಅಲ್ಲ. ಇದು ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ಇದರ ರೂಪ ‘ಪೇಲ್’. ತಮಿಳಿನಲ್ಲಿಯೂ ಮಲವಿಸರ್ಜನೆ ಮಾಡು ಎಂಬ ಅರ್ಥದಲ್ಲಿ ‘ಪೇಲ್’ ಎಂಬ ಕ್ರಿಯಾಪದವಿದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ಹತ್ತನೆಯ ಶತಮಾನದಿಂದ ಈಚೆಗೆ ನಿಧಾನವಾಗಿ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೇಲ್ ಹೇಲಾಯಿತು. ಈ ಬದಲಾವಣೆಯನ್ನು ಕಾಣಲು ಶಾಸನಗಳನ್ನೇ ಹುಡುಕಬೇಕಾಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಾಗೇಪಲ್ಲಿಯ ಕಡೆ ಹೊರಟ ಬಸ್ಸಿನ ಫಲಕಗಳನ್ನು ಓದುತ್ತಾ ಹೋದರೆ ಒಂದೇ ದಾರಿಯಲ್ಲಿ ತೆಲುಗಿನ ‘ಪಲ್ಲಿ’ಯೂ ಕನ್ನಡದ ‘ಹಳ್ಳಿ’ಯೂ ಅಕ್ಕಪಕ್ಕದಲ್ಲಿ ಸಿಗುತ್ತವೆ. ತೆಲುಗು ಪಕಾರವನ್ನು ಉಳಿಸಿಕೊಂಡಿತು, ಕನ್ನಡ ಬಿಟ್ಟಿತು.

ಪದವು ಹಳೆಯದೆಂಬುದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಅದರ ಭೂತಕಾಲದಲ್ಲಿದೆ. ಮಾತಿನಲ್ಲಿ ಯಾರೂ ‘ಮಗು ಹೇಲಿತು’ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ‘ಹೇತಿತು’, ‘ಹೇತುಕೊಂಡಿದೆ’ ಎನ್ನುತ್ತಾರೆ. ಸೋಲು ಸೋತ ಆಗುವ, ನೂಲು ನೂತ ಆಗುವ ಹಳೆಯ ಅಚ್ಚಿನಲ್ಲಿಯೇ ಹೇಲು ಹೇತ ಆಗಿದೆ. ಹೊರಗಿನಿಂದ ಎರವಲು ಬಂದ ಧಾತುಗಳಿಗೆ ಕನ್ನಡ ಈ ಸಲುಗೆಯನ್ನು ಕೊಡುವುದಿಲ್ಲ, ಅವುಗಳಿಗೆ ‘ಇಸು’ ಹಚ್ಚಿ ‘ವಿಸರ್ಜಿಸಿದ’, ‘ತ್ಯಜಿಸಿದ’ ಎಂದು ಸಾಗಹಾಕುತ್ತದೆ. ಒಳಗಿನ ಸ್ವರ, ವ್ಯಂಜನಗಳನ್ನೇ ಬದಲಿಸಿಕೊಂಡು ಕಾಲವನ್ನು ಸೂಚಿಸುವ ಧಾತುಗಳು ಭಾಷೆಯ ತಳಪಾಯದ ಸಾಮಗ್ರಿ. ಬಾ, ತಾ, ಸೋಲು, ಕೀಳು ಇರುವ ಸಾಲಿನಲ್ಲಿ ಹೇಲು ಕೂಡ ಇದೆ ಎಂಬುದನ್ನು ವ್ಯಾಕರಣ ಪಾಠದಲ್ಲಿ ಯಾರೂ ಉದಾಹರಿಸುವುದಿಲ್ಲ, ಅಷ್ಟೇ.

‘ಹೇಳು’ ಮತ್ತು ‘ಹೇಲು’ ಒಂದೇ ಮೂಲದವೇ?

ಅಲ್ಲ. ಮಾತನಾಡು ಎಂಬ ಅರ್ಥದ ‘ಹೇಳು’ ಹಳಗನ್ನಡದಲ್ಲಿ ‘ಪೇೞ್’ ಆಗಿತ್ತು. ಅದರ ಕೊನೆಯ ೞಕಾರ ನಾಲಿಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಬೇರೆಯೇ ಅಕ್ಷರ. ಅದು ಮುಂದೆ ಳಕಾರದೊಳಗೆ ಸೇರಿಹೋಯಿತು. ‘ಪೇಲ್’ ಪದದ್ದು ಮೊದಲಿನಿಂದಲೂ ಲಕಾರ. ಹೀಗಾಗಿ ಎರಡೂ ಎಂದೂ ಒಂದಾಗಿರಲಿಲ್ಲ.

ಆದರೂ ಈ ಪ್ರಶ್ನೆ ಬರುವುದಕ್ಕೆ ಕಾರಣವಿದೆ. ಕನ್ನಡವನ್ನು ಹೊಸದಾಗಿ ಕಲಿಯುವವರಲ್ಲಿ, ಮುಖ್ಯವಾಗಿ ತಮ್ಮ ಭಾಷೆಯಲ್ಲಿ ಳಕಾರವಿಲ್ಲದ ಹಿಂದಿ, ಉರ್ದು, ಬಂಗಾಳಿ ಮಾತಿನವರಲ್ಲಿ, ‘ಹೇಳಿ ಸಾರ್’ ಎಂಬುದು ‘ಹೇಲಿ ಸಾರ್’ ಆಗಿಬಿಡುತ್ತದೆ. ವಿನಯದಿಂದ ಮಾತನಾಡುವಂತೆ ಕೋರಿದ ಮನುಷ್ಯ ಇನ್ನೇನನ್ನೋ ಕೋರಿದಂತಾಗುತ್ತದೆ. ಕನ್ನಡ ಮೇಷ್ಟರುಗಳು ಲಕಾರ ಳಕಾರಗಳ ವ್ಯತ್ಯಾಸ ಕಲಿಸುವಾಗ ಹಾಲು–ಹಾಳು, ಬಾಲು–ಬಾಳು ಎಂಬ ಜೋಡಿಗಳನ್ನು ಬರೆಯುತ್ತಾರೆ. ಮಕ್ಕಳು ಮಾತ್ರ ಹಲಗೆಯ ಮೇಲೆ ಬರೆಯದ ಜೋಡಿಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ಪ್ರಾಯಶಃ ಆ ವ್ಯತ್ಯಾಸ ಕಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಇನ್ನೊಂದಿಲ್ಲ.

ಇನ್ನೊಂದು ತೊಡಕು ನಮ್ಮ ಗ್ರಾಮೀಣ ಉಚ್ಚಾರಣೆಯದು. ಪದದ ಮೊದಲಿನ ಹಕಾರ ಬಿಟ್ಟುಹೋಗುವ ಕಡೆ ಹಾಲು ‘ಆಲು’ ಆಗುವಂತೆ ಹೇಲು ‘ಏಲು’ ಆಗುತ್ತದೆ, ಹೇತ ಎಂಬುದು ‘ಏತ’ ಆಗುತ್ತದೆ. ಬಾವಿಯಿಂದ ನೀರೆತ್ತುವ ಏತಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆಯೇ ‘ಹೆತ್ತ’ ಎಂಬುದು ಹೆರು ಧಾತುವಿನಿಂದ ಬಂದ, ಹುಟ್ಟಿಗೆ ಸಂಬಂಧಿಸಿದ ಬೇರೆಯೇ ಪದ.

ಕೋಲಾರದ ತೆಲುಗು, ತಮಿಳು ಮನೆಗಳಲ್ಲಿ ‘ಹೇಲು’ ಎನ್ನುವುದಿಲ್ಲವಲ್ಲ?

ಹೌದು, ಅಲ್ಲಿ ಇನ್ನೊಂದು ದ್ರಾವಿಡ ಬೇರು ಹೆಚ್ಚು ಬಳಕೆಯಲ್ಲಿದೆ. ತಮಿಳಿನಲ್ಲಿ ‘ಪೀ’, ತುಳುವಿನಲ್ಲಿ ‘ಪೀ’, ತೆಲುಗಿನಲ್ಲಿ ‘ಪಿಯ್ಯ’ ಮತ್ತು ‘ಪೀತಿ’. ಇವು ಒಂದೇ ಮನೆಯ ಮಕ್ಕಳು. ಕನ್ನಡ ‘ಪೇಲ್’ ಧಾತುವಿನ ಕಡೆ ವಾಲಿಕೊಂಡಿತು, ಅಕ್ಕಪಕ್ಕದ ಭಾಷೆಗಳು ‘ಪೀ’ ಕಡೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಚಿಂತಾಮಣಿಗಳ ಮನೆಮಾತು ತೆಲುಗಾಗಿರುವ ಮಗು ಶಾಲೆಗೆ ಬಂದು ಕನ್ನಡದ ಪದವನ್ನು ಗೆಳೆಯರಿಂದ ಕಲಿಯುತ್ತದೆ, ಶಿಷ್ಟ ಪದವನ್ನು ವಿಜ್ಞಾನದ ಪುಸ್ತಕದಿಂದ ಕಲಿಯುತ್ತದೆ. ಕೆಜಿಎಫ್‌ನ ಮಗುವಿಗೆ ತಮಿಳಿನದೂ ಸೇರಿ ಮೂರು ನಾಲ್ಕು ಪದಗಳು ಹತ್ತು ವರ್ಷ ತುಂಬುವ ಮೊದಲೇ ಬಾಯಿಗೆ ಬಂದಿರುತ್ತವೆ.

ತೆಲುಗಿನ ‘ಪೇಡ’ ಎಂದರೆ ಸಗಣಿ. ಧಾರವಾಡದ ಪೇಡವನ್ನು ಗಡಿಯ ತೆಲುಗು ಅಜ್ಜಿಯೊಬ್ಬರ ಕೈಗೆ ಕೊಟ್ಟು ಅದರ ಹೆಸರು ಹೇಳಿದಾಗ ಆಗುವ ಫಜೀತಿಯನ್ನು ಈ ಭಾಗದಲ್ಲಿ ಮದುವೆ ಮಾಡಿಕೊಂಡ ಉತ್ತರ ಕರ್ನಾಟಕದ ಅಳಿಯಂದಿರು ಬಲ್ಲರು.

ಪುಸ್ತಕಗಳಲ್ಲಿ ಬರುವ ‘ಮಲ’ ಎಂಬ ಪದದ ಮೂಲಾರ್ಥವೇನು?

ಸಂಸ್ಕೃತದ ‘ಮಲ’ ಎಂದರೆ ಮೂಲದಲ್ಲಿ ಕೊಳೆ, ಕಲ್ಮಶ. ಕರುಳಿನ ತ್ಯಾಜ್ಯ ಎಂಬುದು ಅದರ ಅನೇಕ ಅರ್ಥಗಳಲ್ಲಿ ಒಂದು ಮಾತ್ರ. ಆಯುರ್ವೇದದಲ್ಲಿ ಪುರೀಷ, ಮೂತ್ರ, ಸ್ವೇದ ಈ ಮೂರೂ ಮಲಗಳು. ಅಂದರೆ ಬೆವರು ಕೂಡ ಮಲವೇ. ಸುಶ್ರುತ ಸಂಹಿತೆ ದೇಹದ ಬೇರುಗಳೇ ದೋಷ, ಧಾತು, ಮಲಗಳೆಂದು ಹೇಳುತ್ತದೆ, ಹಾಗಾಗಿ ಅಲ್ಲಿ ಮಲವು ಬರಿಯ ಕಸವಲ್ಲ, ದೇಹವನ್ನು ಹಿಡಿದಿಡುವ ಮೂರು ಆಧಾರಗಳಲ್ಲಿ ಒಂದು. ಮನುಸ್ಮೃತಿ ಮನುಷ್ಯದೇಹಕ್ಕೆ 12 ಮಲಗಳನ್ನು ಎಣಿಸುತ್ತದೆ. ಆ ಪಟ್ಟಿಯಲ್ಲಿ ರಕ್ತವೂ ಇದೆ, ಕಣ್ಣೀರೂ ಇದೆ. ಶೈವ ಸಿದ್ಧಾಂತಗಳಲ್ಲಿ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯಗಳು ಜೀವಕ್ಕೆ ಅಂಟಿದ ಬಂಧನಗಳು. ತುಮಕೂರಿನ ಮಠಗಳ ಪ್ರವಚನಗಳಲ್ಲಿ ‘ಮಲತ್ರಯ’ ಎಂಬ ಪದ ಕೇಳಿದ ಕಿರಿಯರು ಮುಸಿಮುಸಿ ನಗಬೇಕಾಗಿಲ್ಲ.

ಕೊಳೆ ಇಲ್ಲದ್ದು ನಿರ್ಮಲ, ವಿಮಲ, ಅಮಲ. ನಮ್ಮ ನಡುವೆ ನಿರ್ಮಲಾ, ವಿಮಲಾ ಎಂಬ ಹೆಸರಿನ ಹೆಣ್ಣುಮಕ್ಕಳು ಎಷ್ಟಿದ್ದಾರೆ! ಸರ್ಕಾರಿ ಕಡತಗಳ ‘ನೈರ್ಮಲ್ಯ’ವೂ ಇದೇ ನಿರ್ಮಲದಿಂದ ಬಂದದ್ದು.

ಹಾಗಾದರೆ ಮಲೆನಾಡು, ಮಲತಾಯಿ, ಮಲಗು ಪದಗಳಲ್ಲಿರುವ ‘ಮಲ’?

ಇವುಗಳಿಗೂ ಸಂಸ್ಕೃತದ ಮಲಕ್ಕೂ ಏನೂ ಸಂಬಂಧವಿಲ್ಲ. ಮಲೆ ಎಂದರೆ ಬೆಟ್ಟ. ಮಲತಾಯಿ, ಮಲಮಗ ಎಂಬಲ್ಲಿರುವುದು ಕನ್ನಡದ್ದೇ ಆದ ಪೂರ್ವಪದ.

ಸಂಸ್ಕೃತದಲ್ಲಿ ಇದಕ್ಕೆ ಎಷ್ಟು ಪದಗಳಿವೆ?

ಅಮರಕೋಶದ ಮನುಷ್ಯವರ್ಗದಲ್ಲಿ ಒಟ್ಟಿಗೆ ಒಂಬತ್ತು ಪದಗಳು ಸಿಗುತ್ತವೆ: ಉಚ್ಚಾರ, ಅವಸ್ಕರ, ಶಮಲ, ಶಕೃತ್, ಗೂಥ, ಪುರೀಷ, ವರ್ಚಸ್ಕ, ವಿಷ್ಠಾ, ವಿಷ್. ಇವನ್ನು ಬಿಡಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇವುಗಳಲ್ಲಿ ಹಲವು ಹುಟ್ಟಿನಲ್ಲಿ ಬೇರೆ ಏನನ್ನೋ ಹೇಳುತ್ತಿದ್ದವು, ನೇರವಾಗಿ ಹೆಸರಿಸಲು ಸಂಕೋಚಪಟ್ಟವರು ಅವನ್ನು ಈ ಕೆಲಸಕ್ಕೆ ಕರೆತಂದರು.

ಉಚ್ಚಾರ ಎಂದರೆ ಹೊರಕ್ಕೆ ಹೊರಡಿಸಿದ್ದು. ಬಾಯಿಂದ ಹೊರಟರೆ ನುಡಿ, ಇನ್ನೊಂದೆಡೆಯಿಂದ ಹೊರಟರೆ ಇದು. ಕನ್ನಡ ಮೊದಲ ಅರ್ಥವನ್ನು ಮಾತ್ರ ಇಟ್ಟುಕೊಂಡದ್ದು ನಮ್ಮ ಭಾಷಾ ಅಧ್ಯಾಪಕರ ಪುಣ್ಯ. ಪುರೀಷ ಎಂಬುದು ವೈದಿಕ ಯಜ್ಞಗಳಲ್ಲಿ ಇಟ್ಟಿಗೆಯ ಪದರಗಳ ನಡುವೆ ತುಂಬುವ ಸಡಿಲ ಮಣ್ಣಿನ ಹೆಸರು. ವರ್ಚಸ್ಕದ ಮೂಲವಾದ ‘ವರ್ಚಸ್’ ಎಂದರೆ ತೇಜಸ್ಸು, ಕಾಂತಿ. ಆಯುರ್ವೇದದ ಗ್ರಂಥಗಳಲ್ಲಿ ಅದು ಮಲದ ಹೆಸರಾಗಿಯೂ ಬರುತ್ತದೆ. ಕನ್ನಡದ ಪತ್ರಿಕೆಗಳು ನಾಯಕರ ‘ವರ್ಚಸ್ಸು ಕುಗ್ಗಿದೆ’ ಎಂದು ಬರೆದಾಗ ಆಯುರ್ವೇದ ಓದಿದವರು ಅದನ್ನು ಮಲಬದ್ಧತೆ ಎಂದು ಓದಿಕೊಂಡರೆ ತಪ್ಪು ಹೇಳುವಂತಿಲ್ಲ.

ಈ ಒಂಬತ್ತರ ಹೊರಗೆ ಕನ್ನಡಕ್ಕೆ ಹೆಚ್ಚು ಹತ್ತಿರವಾದದ್ದು ‘ಅಮೇಧ್ಯ’. ಮೇಧ ಎಂದರೆ ಯಜ್ಞ, ಅಶ್ವಮೇಧದಲ್ಲಿರುವುದು ಅದೇ. ಯಜ್ಞಕ್ಕೆ ಯೋಗ್ಯವಾದದ್ದು ಮೇಧ್ಯ, ಯೋಗ್ಯವಲ್ಲದ್ದು ಅಮೇಧ್ಯ. ಅಕ್ಕಮಹಾದೇವಿಯ ವಚನವೊಂದು ದೇಹವನ್ನು ‘ಅಮೇಧ್ಯದ ಮಡಿಕೆ, ಮೂತ್ರದ ಕುಡಿಕೆ’ ಎಂದು ಕರೆಯುತ್ತದೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ಈ ಪದ ಸಾಮಾನ್ಯ ಕನ್ನಡಿಗರ ಕಿವಿಗೆ ಎಷ್ಟು ಒಗ್ಗಿತ್ತೆಂದರೆ ಅದಕ್ಕೆ ಮಡಿಕೆ, ಕುಡಿಕೆಗಳ ಪ್ರಾಸ ಕೂಡಿಸಿ ಹಾಡಬಹುದಾಗಿತ್ತು.

ಹಸು, ಕುರಿ, ಆನೆಗಳ ತ್ಯಾಜ್ಯಕ್ಕೆ ಬೇರೆ ಬೇರೆ ಪದಗಳು ಏಕೆ?

ಅವು ಉಪಯೋಗಕ್ಕೆ ಬರುತ್ತವೆ ಎಂಬುದೇ ಕಾರಣ. ಬಿಸಾಡುವುದಕ್ಕೆ ಒಂದು ಹೆಸರು ಸಾಕು, ಬಳಸುವುದಕ್ಕೆ ವಿವರ ಬೇಕು. ಹಸು, ಎತ್ತು, ಎಮ್ಮೆಗಳದು ಸಗಣಿ. ಕುರಿ, ಮೇಕೆ, ಇಲಿ, ಮೊಲಗಳದು ಹಿಕ್ಕೆ. ಕುದುರೆ, ಕತ್ತೆ, ಆನೆಗಳದು ಲದ್ದಿ. ಹಸುವಿನ ಮೂತ್ರ ಗಂಜಲ. ಮಣ್ಣಿಗೆ ಹಾಕುವಂತೆ ಹದಗೊಂಡ ಮೇಲೆ ಎಲ್ಲವೂ ಗೊಬ್ಬರ.

ಈ ಪದಗಳ ಹುಟ್ಟು ಒಂದೇ ಕಡೆಯದಲ್ಲ. ಹಿಕ್ಕೆ ದ್ರಾವಿಡ, ಅದರ ಹಳೆಯ ರೂಪ ‘ಪಿಕ್ಕೆ’, ತಮಿಳಿನಲ್ಲಿ ಕುರಿ, ಇಲಿಗಳದಕ್ಕೆ ‘ಪುೞುಕ್ಕೈ’ ಎನ್ನುತ್ತಾರೆ. ಇಲ್ಲಿಯೂ ಪಕಾರ ಹಕಾರವಾಗಿರುವುದನ್ನು ಗಮನಿಸಬಹುದು. ಸಗಣಿ ಪದವನ್ನು ಒಣ ಸಗಣಿ ಎಂಬ ಅರ್ಥದ ಸಂಸ್ಕೃತ ‘ಛಗಣ’ದ ಜೊತೆ ಇಟ್ಟು ನೋಡಬೇಕು, ತಮಿಳಿನ ‘ಸಾಣಿ’ ಕೂಡ ಇದಕ್ಕೆ ಹತ್ತಿರದ್ದು. ಗೋಮಯ ಎಂದರೆ ಬರಿದೇ ‘ಹಸುವಿನದು’. ಗೊಬ್ಬರವು ಪ್ರಾಕೃತದ ‘ಗೋವರ’ಕ್ಕೆ, ಹಿಂದಿಯ ‘ಗೋಬರ್’ಗೆ ನಂಟ. ಆದರೆ ಹಿಂದಿಯಲ್ಲಿ ಅದು ಇಂದಿಗೂ ಸಗಣಿಯೇ. ಕನ್ನಡದಲ್ಲಿ ಮಾತ್ರ ಅರ್ಥ ಹಿಗ್ಗಿ ಯೂರಿಯಾ ಕೂಡ ಗೊಬ್ಬರವಾಯಿತು. ಸೊಸೈಟಿಯ ಮುಂದೆ ಚೀಲಕ್ಕಾಗಿ ಸಾಲು ನಿಂತ ಚಿಂತಾಮಣಿಯ ರೈತನನ್ನು ಹಿಂದಿಯವರು ಕಂಡು ‘ಗೋಬರ್’ಗಾಗಿ ಇಷ್ಟು ನೂಕುನುಗ್ಗಲೇ ಎಂದು ಅಚ್ಚರಿಪಡಬಹುದು.

ನಮ್ಮ ಜಿಲ್ಲೆಗಳಲ್ಲಿ ಹಿಕ್ಕೆಗೆ ಎರಡು ವಿಶೇಷ ಬಾಳುಗಳಿವೆ. ಶಿರಾ, ಪಾವಗಡ, ಮಧುಗಿರಿಗಳ ಕಡೆ ಕುರಿಗಾಹಿಗಳನ್ನು ಕರೆದು ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುವ ವಾಡಿಕೆ ಹಳೆಯದು. ಕುರಿಗಳು ಮಲಗಿ ಎದ್ದಷ್ಟು ಜಾಗಕ್ಕೆ ಹಿಕ್ಕೆಯೂ ಮೂತ್ರವೂ ಬಿದ್ದು ಹೊಲ ಹದವಾಗುತ್ತದೆ, ಅದಕ್ಕಾಗಿ ರೈತನು ಕುರಿಯವರಿಗೆ ದವಸವನ್ನೋ ಹಣವನ್ನೋ ಕೊಡುತ್ತಾನೆ. ಇನ್ನೊಂದು, ಶಿಡ್ಲಘಟ್ಟ, ದೇವನಹಳ್ಳಿ ಪಕ್ಕದ ವಿಜಯಪುರ, ಕೋಲಾರಗಳ ರೇಷ್ಮೆ ಮನೆಗಳದು. ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಬಿಡುವ ಕಪ್ಪು ಹಸಿರಿನ ಸಣ್ಣ ಕಾಳುಗಳಿಗೂ ಹಿಕ್ಕೆ ಎಂದೇ ಹೆಸರು. ಹಾಸಿಗೆ ಬದಲಿಸುವಾಗ ಹಿಕ್ಕೆ ಒಣಗಿದೆಯೋ ಅಂಟಂಟಾಗಿದೆಯೋ ಎಂದು ನೋಡಿ ಹುಳುವಿನ ಆರೋಗ್ಯವನ್ನು ಅಳೆಯುವುದನ್ನು ಸಾಕುವವರು ಬಲ್ಲರು. ಇದೇ ಮಾತನ್ನು ತನ್ನ ಮಗುವಿನ ಬಗ್ಗೆ ವೈದ್ಯರ ಮುಂದೆ ಹೇಳಬೇಕಾದಾಗ ಅದೇ ಮನುಷ್ಯನ ಬಾಯಿ ಕಟ್ಟುತ್ತದೆ.

ಸಗಣಿ ಶುದ್ಧ, ಹೇಲು ಅಶುದ್ಧ ಎಂಬ ಭೇದ ಭಾಷೆಯಲ್ಲಿಯೂ ಇದೆಯೇ?

ಇದೆ, ಆದರೆ ಜನ ತಿಳಿದಷ್ಟು ನೇರವಾಗಿಲ್ಲ. ಸಗಣಿಯಿಂದ ಅಂಗಳ ಸಾರಿಸುತ್ತಾರೆ, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಪೂಜಿಸುತ್ತಾರೆ, ಗಡಿಯ ತೆಲುಗು ಮನೆಗಳಲ್ಲಿ ಸಂಕ್ರಾಂತಿಗೆ ಗೊಬ್ಬೆಮ್ಮ ಎಂಬ ಸಗಣಿಯ ಉಂಡೆಗಳನ್ನು ಇಡುತ್ತಾರೆ. ಆದರೂ ‘ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು’ ಎಂಬ ಗಾದೆಯಲ್ಲಿ ಸಗಣಿ ಕೀಳಿನ ಗುರುತೇ ಆಗಿದೆ. ತಿಪ್ಪೆಯ ಕಥೆಯೂ ಹೀಗೆಯೇ. ‘ತಿಪ್ಪೆ ಮೇಲೆ ಮಲಗಿ ಉಪ್ಪರಿಗೆಯ ಕನಸು’ ಎಂದು ಹಂಗಿಸುವ ಜನರೇ ಮಗುವಿಗೆ ತಿಪ್ಪೇಸ್ವಾಮಿ, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು, ಯಾರ ಕಣ್ಣೂ ಬೀಳದಂತಹ ಹೆಸರಿಡುವ ನಂಬಿಕೆ ಇದರ ಹಿಂದೆ ಇದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದಲೂ ತುಮಕೂರಿನ ಉತ್ತರದ ತಾಲ್ಲೂಕುಗಳಲ್ಲಿ ಈ ಹೆಸರುಗಳು ಹೇರಳವಾಗಿವೆ.

‘ಉಚ್ಚೆ’ ಪದ ಸಂಸ್ಕೃತದ ‘ಉಚ್ಚಾರ’ದಿಂದ ಬಂದಿದೆಯೇ?

ಇಲ್ಲ. ತೆಲುಗಿನಲ್ಲಿ ‘ಉಚ್ಚ’, ತಮಿಳು ಮಕ್ಕಳ ಮಾತಿನಲ್ಲಿ ‘ಉಚ್ಚಾ’ ಇರುವ ಇದು ದ್ರಾವಿಡ ಪದ. ಉಚ್ಚಾರ ಎಂಬುದು ಮಲ, ಉಚ್ಚೆ ಎಂಬುದು ಮೂತ್ರ. ಹೇಲು ತಾನೇ ಕ್ರಿಯಾಪದವಾಗುತ್ತದೆ, ಉಚ್ಚೆಗೆ ‘ಹೊಯ್ಯು’ ಎಂಬ ಇನ್ನೊಂದು ಧಾತುವಿನ ನೆರವು ಬೇಕು.

‘ಕಕ್ಕಸು’ ಕನ್ನಡ ಪದವೇ? ಮಕ್ಕಳ ‘ಕಕ್ಕ’ದಿಂದ ಬಂದದ್ದೇ?

ಈ ಪ್ರಶ್ನೆಗೆ ಸಿಗುವ ಉತ್ತರ ಅನೇಕರಿಗೆ ನಂಬಲು ಕಷ್ಟವಾಗುತ್ತದೆ. ಕಕ್ಕಸು ಡಚ್ ಪದ. ಡಚ್ ಭಾಷೆಯ ‘ಕಕ್‌ಹೌಸ್’, ಅಂದರೆ ಹೇಲುಮನೆ, ಕಡಲು ದಾಟಿ ಬಂದು ನಮ್ಮ ಹಿತ್ತಿಲಲ್ಲಿ ನಿಂತಿದೆ. ಡಚ್ ವ್ಯಾಪಾರಿಗಳು ಹದಿನೇಳನೆಯ ಶತಮಾನದಲ್ಲಿ ಪುಲಿಕಾಟ್, ನಾಗಪಟ್ಟಣ, ಕೊಚ್ಚಿ ಮತ್ತು ಶ್ರೀಲಂಕಾದ ಕರಾವಳಿಯಲ್ಲಿ ನೆಲೆಯೂರಿದರು. ನಾಗಪಟ್ಟಣ 1658ರಲ್ಲಿ, ಕೊಚ್ಚಿ 1663ರಲ್ಲಿ ಪೋರ್ಚುಗೀಸರಿಂದ ಅವರ ಕೈಗೆ ಬಂದವು. ಕೋಟೆ, ಗೋದಾಮುಗಳ ಒಳಗೆ ಕಟ್ಟಿದ ಶೌಚಕೋಣೆಗೆ ಅವರು ಕರೆದ ಹೆಸರನ್ನೇ ಸ್ಥಳೀಯರು ಎತ್ತಿಕೊಂಡರು. ತಮಿಳಿನಲ್ಲಿ ಅದು ‘ಕಕ್ಕೂಸ್’, ಮಲಯಾಳದಲ್ಲಿ ‘ಕಕ್ಕೂಸ್’, ಸಿಂಹಳದಲ್ಲಿ ‘ಕಕ್ಕುಸ್ಸಿ’, ಡಚ್ಚರು ಆಳಿದ ಇಂಡೊನೇಷ್ಯಾದಲ್ಲಿ ‘ಕಕುಸ್’. ಮೈಸೂರು ಸೀಮೆಯನ್ನು ಡಚ್ಚರು ಎಂದೂ ಆಳಲಿಲ್ಲ. ತಮಿಳಿನ ಮೂಲಕ ಗಟ್ಟ ಹತ್ತಿ ಬಂದ ಪದ ಕನ್ನಡದ ಬಾಯಲ್ಲಿ ಉಕಾರಾಂತವಾಗಿ ‘ಕಕ್ಕಸು’ ಎಂದು ನೆಲೆಯಾಯಿತು. ಆಮೇಲೆ ಕಕ್ಕಸುಮನೆ, ಕಕ್ಕಸು ಗುಂಡಿ ಎಂಬ ಸಮಾಸಗಳೂ ಹುಟ್ಟಿದವು. ಮನೆ ಎಂಬ ಅರ್ಥ ಒಳಗೇ ಇರುವ ಪದಕ್ಕೆ ಮತ್ತೊಮ್ಮೆ ‘ಮನೆ’ ಹಚ್ಚಿದ್ದೇವೆ.

ಮಕ್ಕಳ ‘ಕಕ್ಕ’ದ ವಿಷಯ ಬೇರೆ. ಹಾಲು ಹಲ್ಲಿನ ಮಕ್ಕಳು ಸುಲಭವಾಗಿ ಆಡಬಲ್ಲ ಕ, ಪ, ಮ ಅಕ್ಷರಗಳನ್ನು ಇಮ್ಮಡಿಸಿ ಮಾಡಿದ ಪದಗಳು ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಒಂದೇ ರೀತಿ ಕಾಣುತ್ತವೆ. ಲ್ಯಾಟಿನ್‌ನಲ್ಲಿ ಈ ಕ್ರಿಯೆಗೆ ‘ಕಕಾರೆ’ ಎಂಬ ಧಾತುವಿತ್ತು, ಡಚ್ಚಿನ ‘ಕಕ್’ ಅದರ ಬಂಧು. ಕನ್ನಡದ ಕಕ್ಕ ಇವರಿಂದ ಸಾಲ ಪಡೆದದ್ದಲ್ಲ. ವಾಂತಿ ಮಾಡು ಎಂಬ ಅರ್ಥದ ‘ಕಕ್ಕು’ ತಮಿಳು, ತೆಲುಗುಗಳಲ್ಲಿಯೂ ಇರುವ ದ್ರಾವಿಡ ಧಾತು. ಕಕ್ಕಸಿಗೆ ಅದೂ ತಾಯಿಯಲ್ಲ.

ಪಾಯಿಖಾನೆ, ಸಂಡಾಸು, ಲೆಟ್ರಿನ್, ಟಾಯ್ಲೆಟ್?

ಪಾಯಿಖಾನೆ ಪಾರಸಿಯದು, ‘ಪಾಯ್’ ಎಂದರೆ ಕಾಲು, ‘ಖಾನೆ’ ಎಂದರೆ ಮನೆ. ಸಂಡಾಸು ಮರಾಠಿಯಿಂದ ಉತ್ತರ ಕರ್ನಾಟಕಕ್ಕೆ ಬಂದದ್ದು, ನಮ್ಮ ಕಡೆ ಅಷ್ಟಾಗಿ ಕೇಳುವುದಿಲ್ಲ. ಲೆಟ್ರಿನ್ ಲ್ಯಾಟಿನ್‌ನ ತೊಳೆಯುವ ಜಾಗ, ಟಾಯ್ಲೆಟ್ ಫ್ರೆಂಚರ ಬಟ್ಟೆಯ ತುಂಡು. ಶೌಚಾಲಯದ ‘ಶೌಚ’ ಶುಚಿತ್ವ. ಒಂದರಲ್ಲಿಯೂ ಒಳಗೆ ನಡೆಯುವ ಕೆಲಸದ ಹೆಸರಿಲ್ಲ.

‘ಬಹಿರ್ದೆಸೆ’ ಎಂದರೇನು?

‘ಬಹಿಸ್’ ಎಂದರೆ ಹೊರಗೆ, ‘ದೆಸೆ’ ಎಂಬುದು ದಿಶಾ ಪದದ ತದ್ಭವ. ಹೊರಗಿನ ದಿಕ್ಕು ಎಂದರ್ಥ. ನಮ್ಮ ಹಿರಿಯರ ‘ಹೊರಕಡೆಗೆ ಹೋಗುವುದು’, ‘ಬಯಲ ಕಡೆಗೆ ಹೋಗುವುದು’, ‘ಕೆರೆ ಕಡೆಗೆ ಹೋಗುವುದು’ ಎಂಬ ಮಾತಿನ ಸಂಸ್ಕೃತದ ಅಂಗಿ ಇದು. ಇವು ಯಾವುವೂ ಕೆಲಸವನ್ನು ಹೇಳುವುದಿಲ್ಲ, ಕೆಲಸಕ್ಕೆ ಹೊರಟ ದಿಕ್ಕನ್ನು ತೋರಿಸಿ ಸುಮ್ಮನಾಗುತ್ತವೆ. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಪಂಚಾಯಿತಿ ಗೋಡೆಗಳ ಮೇಲೆ ‘ಬಯಲು ಬಹಿರ್ದೆಸೆ ಮುಕ್ತ’ ಎಂಬ ಬರಹ ಬಂತು. ಬಹಿರ್ದೆಸೆಯಲ್ಲಿ ಹೊರಗು ಇದ್ದೇ ಇದೆ, ಅದರ ಹಿಂದೆ ಬಯಲನ್ನೂ ಸೇರಿಸಬೇಕಾಯಿತೆಂದರೆ ಬಹಿರ್ದೆಸೆ ತನ್ನ ದಿಕ್ಕನ್ನು ಕಳೆದುಕೊಂಡು ನೇರವಾಗಿ ಮಲವಿಸರ್ಜನೆ ಎಂಬ ಅರ್ಥಕ್ಕೆ ಇಳಿದಿದೆ. ಈಗ ಮನೆಯೊಳಗಿನ ಶೌಚಾಲಯಕ್ಕೆ ಹೋಗುವುದನ್ನೂ ಕೆಲವು ಸುತ್ತೋಲೆಗಳು ಬಹಿರ್ದೆಸೆ ಎನ್ನುತ್ತವೆ, ವ್ಯುತ್ಪತ್ತಿಯ ಪ್ರಕಾರ ಅದು ಅಸಾಧ್ಯ.

ಶಾಲೆಯ ‘ಒಂದಕ್ಕೆ’, ‘ಎರಡಕ್ಕೆ’ ಕೂಡ ಇದೇ ಜಾತಿಯವು. ಕಿರುಬೆರಳು ಎತ್ತಿ ತೋರಿಸಿದರೆ ಪದವೇ ಬೇಕಾಗುವುದಿಲ್ಲ.

‘ಹೇಲು’ ಅಶ್ಲೀಲ ಪದವೇ?

ಹುಟ್ಟಿನಿಂದ ಅಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪಾದ್ರಿಯೊಬ್ಬರು ಮಾಡಿದ್ದಾದರೂ ಇಂತಹ ಪದಗಳನ್ನು ಹೊರಗಿಡಲಿಲ್ಲ. ಹಾಲು, ಹಲ್ಲು, ಹೊಟ್ಟೆಗಳ ಸಾಲಿನಲ್ಲಿ ಇದೂ ದೇಹಕ್ಕೆ ಸಂಬಂಧಿಸಿದ ಒಂದು ಹೆಸರು. ಇದಕ್ಕೆ ಮರ್ಯಾದೆ ತಪ್ಪಿದ್ದು ಬರವಣಿಗೆಯ ಕನ್ನಡ ದೇಹದ ಕೆಳಭಾಗಕ್ಕೆ ಸಂಬಂಧಿಸಿದ ಎಲ್ಲವನ್ನೂ ಸಂಸ್ಕೃತಕ್ಕೆ ವಹಿಸಿಕೊಟ್ಟಾಗ. ಕೈ, ಕಾಲು, ಮೂಗು ಪಠ್ಯಪುಸ್ತಕದಲ್ಲಿ ಉಳಿದವು. ಹೇಲು, ಉಚ್ಚೆ ಹೋಗಿ ಮಲ, ಮೂತ್ರ ಬಂದವು. ಗಾದೆಗಳಲ್ಲಿಯೂ ಈ ತಿದ್ದುಪಡಿ ನಡೆದಿದೆ. ‘ಹೇಲಿನ ಮೇಲೆ ಕಲ್ಲು ಹಾಕಿದರೆ ಮುಖಕ್ಕೆ ಸಿಡಿಯುತ್ತದೆ’ ಎಂದು ಜಗಲಿಯ ಮೇಲೆ ಆಡುವ ಮಾತು ಅಚ್ಚಿಗೆ ಬರುವಾಗ ‘ಕೊಚ್ಚೆಯ ಮೇಲೆ’ ಎಂದಾಗುತ್ತದೆ. ಕೊಚ್ಚೆಯೂ ಸಿಡಿಯುತ್ತದೆ ನಿಜ, ಆದರೆ ಗಾದೆಯ ಏಟು ಅರ್ಧಕ್ಕೆ ಇಳಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಬೈಗುಳವಾಗಿ ಬಳಸಿದಾಗ ಅದು ಒರಟು, ವಸ್ತುವಿನ ಹೆಸರಾಗಿ ಬಳಸಿದಾಗ ಅಲ್ಲ. ಸಭ್ಯವೆಂದು ತಂದ ಪದಗಳು ಕೂಡ ಒಂದೆರಡು ತಲೆಮಾರುಗಳಲ್ಲಿ ಅದೇ ವಾಸನೆ ಹತ್ತಿಸಿಕೊಳ್ಳುತ್ತವೆ. ಶೌಚ ಎಂಬ ಶುದ್ಧಿಯ ಪದವೂ ‘ಶೌಚಕ್ಕೆ ಹೋಗಿದ್ದಾರೆ’ ಎಂದಾಗ ಮುಜುಗರ ತರುತ್ತದೆ, ಹಾಗಾಗಿ ಈಗ ‘ವಾಶ್‌ರೂಮ್’ ಬಂದಿದೆ.

‘ಮಲ ಹೊರುವ ಪದ್ಧತಿ’ ಎಂಬ ಪ್ರಯೋಗ ಎಲ್ಲಿಂದ ಬಂತು?

ಕಾನೂನು ಮತ್ತು ಆಡಳಿತದ ಕನ್ನಡದಿಂದ. ನೀರಿಲ್ಲದ ಒಣ ಕಕ್ಕಸುಗಳಿಂದ ಹೇಲನ್ನು ಬಾಚಿ, ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಸಾಗಿಸುವ ಕೆಲಸವನ್ನು ಕೆಲವು ದಲಿತ ಸಮುದಾಯಗಳ ಮೇಲೆ ಹೊರಿಸಲಾಗಿತ್ತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಸಂಸತ್ತು 1993ರಲ್ಲಿ ಒಂದು ಕಾಯ್ದೆಯನ್ನು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದನ್ನು ಮಾಡಿತು.

ಇದರಲ್ಲಿ ಕೋಲಾರ ಜಿಲ್ಲೆಗೆ ನೇರವಾದ ಪಾಲಿದೆ. ಚಿನ್ನದ ಗಣಿಯ ಕಾರ್ಮಿಕ ವಸತಿಗಳಲ್ಲಿ ಒಣ ಕಕ್ಕಸುಗಳಿದ್ದವು. ಅವನ್ನು ಬಳಿಯುವ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮುಂದೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ತೀರ್ಪು ನೀಡಿ, 1993ರಿಂದ ಈಚೆಗೆ ಒಳಚರಂಡಿ ಮತ್ತು ಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ‘ಮಲ ಹೊರುವುದು’ ಎಂಬ ಶಿಷ್ಟ ಪದ ಕಡತಕ್ಕೆ ಅನುಕೂಲ. ಹೊತ್ತವರು ಮಾತ್ರ ತಮ್ಮ ಕೆಲಸವನ್ನು ಹೇಳುವಾಗ ಹೇಲು, ಪೀ ಎಂಬ ಪದಗಳನ್ನೇ ಆಡಿದರು. ‘ಮಲ’ ಎಂದು ಮೆತ್ತಗೆ ಹೇಳಿದರೆ ಬುಟ್ಟಿಯಲ್ಲಿ ಏನಿತ್ತೆಂಬುದು ಕೇಳುವವನಿಗೆ ತಟ್ಟುವುದಿಲ್ಲ.

ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ನೀರನ್ನು ಏನೆಂದು ಕರೆಯಬೇಕು?

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳಿಗೆ, ಹೆಬ್ಬಾಳ–ನಾಗವಾರ ಯೋಜನೆಯಡಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರು ಹರಿಯುತ್ತಿದೆ. ಯೋಜನೆಯ ಪರವಾಗಿ ಮಾತನಾಡುವವರು ‘ಸಂಸ್ಕರಿಸಿದ ನೀರು’ ಎನ್ನುತ್ತಾರೆ, ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಒತ್ತಾಯಿಸುವವರು ‘ಕೊಳಚೆ ನೀರು’ ಎನ್ನುತ್ತಾರೆ, ಟೀ ಅಂಗಡಿಯಲ್ಲಿ ‘ಕಕ್ಕಸು ನೀರು’ ಎಂಬುದೂ ಕೇಳಿಬರುತ್ತದೆ. ಸಂಸ್ಕಾರ ಎಂಬ ಪದ ಮನುಷ್ಯನ ಉಪನಯನ, ಮದುವೆ, ಶವಗಳಿಗೆ ಸಲ್ಲುತ್ತಿದ್ದದ್ದು ಈಗ ಕೊಳಚೆಗೂ ಸಂದಿದೆ. ನಿಖರವಾಗಿ ಬರೆಯಬೇಕಾದವರು ‘ಎರಡನೆಯ ಹಂತದವರೆಗೆ ಸಂಸ್ಕರಿಸಿದ ಒಳಚರಂಡಿ ನೀರು’ ಎಂದು ಬರೆಯುವುದು ಸರಿ. ಉದ್ದವಾಯಿತು ಎಂಬುದು ನೆಪವಾಗಬಾರದು.

ವೈದ್ಯರ ಬಳಿ ಯಾವ ಪದ ಬಳಸಬೇಕು?

ಬಾಯಿಗೆ ಬಂದ ಪದವನ್ನೇ. ‘ಹೊರಗೆ ಹೋಗಿಲ್ಲ’ ಎಂದು ಹೇಳಿದರೆ ಕಿರಿಯ ವೈದ್ಯರಿಗೆ ಮನೆಯಿಂದ ಹೊರಗೆ ಹೋಗಿಲ್ಲ ಎಂದು ಕೇಳಿಸಬಹುದು. ‘ಬಾತ್‌ರೂಮ್ ಆಗುತ್ತಿಲ್ಲ’ ಎಂದರೆ ಮೂತ್ರವೋ ಮಲವೋ ತಿಳಿಯುವುದಿಲ್ಲ. ‘ಮೋಷನ್’ ಎಂಬ ಇಂಗ್ಲಿಷ್ ಪದ ನಮ್ಮ ಹಳ್ಳಿಗಳಲ್ಲಿ ಚೆನ್ನಾಗಿ ಬೇರೂರಿದೆ, ಅದು ಸಾಕು. ಬಣ್ಣ, ಗಟ್ಟಿತನ, ರಕ್ತ ಅಥವಾ ಲೋಳೆ ಇದೆಯೇ, ಎಷ್ಟು ಸಲ ಆಯಿತು ಎಂಬುದನ್ನು ಸ್ಪಷ್ಟವಾಗಿ ಹೇಳುವುದು ಮುಖ್ಯ. ‘ಹೇಲು ಕರ್‍ರಗೆ ಟಾರಿನಂತೆ ಬಂತು’ ಎಂದು ಅಜ್ಜಿಯೊಬ್ಬರು ಹೇಳಿದರೆ ಹೊಟ್ಟೆಯ ಮೇಲ್ಭಾಗದಲ್ಲಿ ರಕ್ತ ಸುರಿದಿರಬಹುದೆಂಬ ಸೂಚನೆ ವೈದ್ಯರಿಗೆ ಅಷ್ಟರಲ್ಲೇ ಸಿಗುತ್ತದೆ.

‘ಹೇಲು’ ಪದಕ್ಕೆ ಬಹುವಚನವಿದೆಯೇ?

ಇಲ್ಲ. ಹಾಲು, ನೀರು, ಮಣ್ಣುಗಳಂತೆ ಇದೂ ಎಣಿಕೆಗೆ ಸಿಗದ ವಸ್ತುವಿನ ಹೆಸರು. ವಿಭಕ್ತಿ ಹಚ್ಚುವಾಗ ಹೇಲನ್ನು, ಹೇಲಿನಿಂದ, ಹೇಲಿಗೆ, ಹೇಲಿನ, ಹೇಲಿನಲ್ಲಿ ಎಂದಾಗುತ್ತದೆ. ಷಷ್ಠಿಯಲ್ಲಿ ‘ಹೇಲ’ ಎಂಬ ಹ್ರಸ್ವ ರೂಪವೂ ಗಾದೆಗಳಲ್ಲಿ ಸಿಗುತ್ತದೆ.